ಛಾವಣಿಯ ಹಳೇ ಕಟ್ಟಡಗಳು

ಸಿಂಧನೂರು ತಾಲ್ಲೂಕಿನ ನಮ್ಮ ಜವಳಗೇರಾದ ಮಂದಿ ಲಿಂಗಸುಗೂರಿಗೆ ಹೋಗುವುದು ಎರಡೇ ಕಾರಣಕ್ಕೆ: ಬೀಗರ ಮನೆ, ಇಲ್ಲವೇ ಉಪವಿಭಾಗಾಧಿಕಾರಿಯ (ಎಸಿ) ಕೋರ್ಟು. ಹೊಲದ ತಕರಾರು ತಹಶೀಲ್ದಾರರಲ್ಲಿ ಮುಗಿಯದಿದ್ದರೆ ಸಿಂಧನೂರು, ಮಸ್ಕಿ ದಾಟಿ ಅಲ್ಲಿಗೇ ಬಸ್ಸು ಹತ್ತಬೇಕು. ಹಿರಿಯರ ಬಾಯಲ್ಲಿ ಆ ಊರು ‘ಛಾವಣಿ’. ಇಂಗ್ಲಿಷರ ಹಿಡಿತದಲ್ಲಿದ್ದ ಹೈದರಾಬಾದ್ ಕಂಟಿಂಜೆಂಟ್ ಪಡೆ ಬೀಡುಬಿಟ್ಟಿದ್ದ ಜಾಗವದು. ಆ ಪಡೆಯ ಖರ್ಚಿನ ಬಾಕಿಗೆಂದೇ ನಿಜಾಮರು 1853ರಲ್ಲಿ ರಾಯಚೂರು ದೋಆಬನ್ನು ಇಂಗ್ಲಿಷರಿಗೆ ಒಪ್ಪಿಸಿ, 1860ರಲ್ಲಿ ಮರಳಿ ಪಡೆದರು. ಮುಂದೆ ಲಿಂಗಸುಗೂರೇ ಒಂದು ಜಿಲ್ಲೆಯಾಗಿತ್ತು, ಸಿಂಧನೂರು ಅದರ ತಾಲ್ಲೂಕು. 1905ರಲ್ಲಿ ಜಿಲ್ಲೆಯನ್ನು ಒಡೆದು ನಮ್ಮನ್ನು ರಾಯಚೂರಿಗೆ, ಸುರಪುರವನ್ನು ಗುಲಬರ್ಗಾಕ್ಕೆ ಹಚ್ಚಿದರು.

ಲಿಂಗಸುಗೂರಿನಲ್ಲಿ ಇಂಗ್ಲಿಷರ ಕಾಲದವು ಎಂದು ಜನ ತೋರಿಸುವ ಕಟ್ಟಡಗಳು ಈಗ ಸೊರಗಿವೆ. ಮೊಳಕ್ಕೂ ದಪ್ಪ ಗಾರೆಗೋಡೆ, ಎತ್ತರದ ಬಾಗಿಲು. ಮೇ ತಿಂಗಳ ಮಟಮಟ ಮಧ್ಯಾಹ್ನದಲ್ಲೂ ಒಳಗೆ ಕಾಲಿಟ್ಟರೆ ಮೈ ತಣ್ಣಗಾಗುತ್ತಿತ್ತು. ಕೇಸು ಸೋತವರೂ ಪಡಸಾಲೆಯಲ್ಲಿ ಬುತ್ತಿ ಬಿಚ್ಚಿ, ರೊಟ್ಟಿ-ಶೇಂಗಾ ಚಟ್ನಿ ತಿಂದೇ ಏಳುತ್ತಿದ್ದರು. ಈಗ ಗೋಡೆಯ ಬಿರುಕಿನಲ್ಲಿ ಅರಳಿ ಸಸಿ ಬೇರು ಇಳಿಸಿದೆ. ಕಿತ್ತರೆ ಗೋಡೆಯೇ ಬರುತ್ತದೆ, ಬಿಟ್ಟರೂ ಬರುತ್ತದೆ.

ಚಹಾ ಅಂಗಡಿಯಲ್ಲಿ ಈ ಮಾತು ಎತ್ತಿದರೆ ಜಗಳ ಖಾತ್ರಿ. “ಕೆಡವಿ ಹೊಸದು ಕಟ್ಟಲಿ ಬಿಡ್ರಿ, ನಾಳೆ ಯಾರದರ ತಲಿ ಮ್ಯಾಲ ಬಿದ್ರ ನೀವು ಬರ್ತೀರೇನು?” ಎಂದು ಒಬ್ಬರು. ಆ ಭಯ ಸುಳ್ಳಲ್ಲ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟಿನಲ್ಲಿ ಕುಸಿದು ನಾಲ್ವರು ಸತ್ತರು. ಅಂಥ ಊರಲ್ಲೇ ಹಾಗಾದರೆ ನಮ್ಮ ಪಾಡೇನು? ಆದರೆ ಕಟ್ಟಡ ಸೊರಗುವವರೆಗೂ ರಿಪೇರಿ ಮಾಡದೆ ಕೂತವರೇ, ಬೀಳುವಂತಾದ ಮೇಲೆ ಅಪಾಯದ ಮಾತಾಡುವುದನ್ನು ಕೇಳಿದರೆ ನನಗೆ ರೇಗುತ್ತದೆ.

ಇನ್ನೊಂದು ತಮಾಷೆ. ಲಿಂಗಸುಗೂರನ್ನು ಜಿಲ್ಲೆ ಮಾಡಿ ಎಂಬ ಕೂಗು ಹಳೆಯದು. ಮೈಕು ಹಿಡಿದವರೆಲ್ಲ “ನಮ್ಮೂರು ಆವಾಗೇ ಜಿಲ್ಲಾ ಆಗಿತ್ರಿ” ಎನ್ನುತ್ತಾರೆ. ಆದರೆ ಅದಕ್ಕೆ ದಾಖಲೆ ಬೇಕಲ್ಲ? ನಮ್ಮ ಭಾಗದಲ್ಲಿ ಹೊಲದ ಕೇಸು ಎಂದರೆ ವಕೀಲರು ಮೊದಲು ಕೇಳುವುದು ಹೊಲ ಯಾರದೆಂದು ತೋರಿಸುವ ಹಳೇ ದಾಖಲೆ, 1954-55ರ ಖಾಸ್ರಾ ಪಹಣಿ. ಅದು ಸಿಕ್ಕರೆ ಅರ್ಧ ಕೇಸು ಗೆದ್ದಂತೆ, ಹಾಗಾಗಿ ಇದ್ದವರು ಟ್ರಂಕಿನಲ್ಲಿಟ್ಟು ಬೀಗ ಹಾಕಿರುತ್ತಾರೆ. ಊರಿನ ಖಾಸ್ರಾ ಈ ಗೋಡೆಗಳೇ ಅಲ್ಲವೇ? ಅದನ್ನು ಗೆದ್ದಲಿಗೆ ಬಿಟ್ಟು ದಾವೆ ಹೂಡಲು ಹೊರಟಿದ್ದೇವೆ.

ಉಳಿಸಬೇಕೆಂದವರು ಉಳಿಸಿದ್ದಾರೆ. ಸುರಪುರದ ಗುಡ್ಡದ ಮೇಲೆ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್ ಕಟ್ಟಿಸಿದ ಟೇಲರ್ ಮಂಜಿಲ್ ಅತಿಥಿಗೃಹವಾಗಿ ಬಾಳಿದೆ. ದಿನವೂ ಬಾಗಿಲು ತೆಗೆದು ಕಸ ಹೊಡೆಯುವ ಮನೆಗೆ ಆಯುಷ್ಯ ಜಾಸ್ತಿ. ನಮ್ಮೂರಿಂದ ಲಿಂಗಸುಗೂರಿಗೆ ಹೋಗುವ ಹಾದಿಯಲ್ಲಿ ಸಿಗುವ ಮಸ್ಕಿಯ ಅಶೋಕನ ಶಾಸನವಾದರೂ 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರನ ಕಣ್ಣಿಗೆ ಬಿದ್ದದ್ದರಿಂದ ಲೋಕಕ್ಕೆ ಗೊತ್ತಾಯಿತು. ಬಂಡೆ ಎರಡು ಸಾವಿರ ವರ್ಷ ಕಾದೀತು. ಗಾರೆಗೆ ಆ ತಾಳ್ಮೆ ಎಲ್ಲಿಯದು? ಎರಡು ಮಳೆಗಾಲ ಮಾಳಿಗೆ ಸೋರಿದರೆ ಸಾಕು.

ಹೊಸ ಕಚೇರಿ ಬೇಡವೆಂದು ನಾನು ಹೇಳುತ್ತಿಲ್ಲ. ಗಾಲಿ ಕುರ್ಚಿಯವರಿಗೆ ಇಳಿಜಾರು, ಹೆಂಗಸರಿಗೆ ಶೌಚಾಲಯ, ಕಡತಕ್ಕೆ ಒಣ ಕೋಣೆ, ಎಲ್ಲವೂ ಬೇಕು. ಪಕ್ಕದಲ್ಲಿ ಕಟ್ಟಲಿ. ಹಳೆಯದರ ಮಾಳಿಗೆಗೆ ಮೊದಲು ಗಾರೆ ಬೀಳಲಿ, ಅರಳಿ ಸಸಿಯನ್ನು ತಿಳಿದವರ ಕೈಯಲ್ಲಿ ತೆಗೆಸಲಿ. ಹೊಸದರ ಎಸ್ಟಿಮೇಟಿನ ಮಾತು ಆಮೇಲೆ.