ನಮ್ಮ ಹೊಳೆಯ ದ್ವೀಪಗಳು

ಹೊರದೇಶದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಸ್ವಂತ ದೋಣಿಯಲ್ಲಿ ದ್ವೀಪದಿಂದ ದ್ವೀಪಕ್ಕೆ ಸಂಚರಿಸಿದ ಚಿತ್ರಗಳನ್ನು ಕಳುಹಿಸಿ, “ನಮ್ಮ ಕಡೆ ಇಂಥ ಭಾಗ್ಯವಿಲ್ಲವಲ್ಲ ಮೇಷ್ಟ್ರೇ” ಎಂದು ಬರೆದಿದ್ದಾನೆ. ಅವನ ಸಂತೋಷದಲ್ಲಿ ನನಗೂ ಪಾಲಿದೆ. ಆದರೆ ಮಳವಳ್ಳಿ ಸೀಮೆಯಲ್ಲಿ ಹುಟ್ಟಿ, ಮದ್ದೂರು, ಮಂಡ್ಯಗಳಲ್ಲಿ ಪಾಠ ಹೇಳಿದ ನಾನು ಆ ಮಾತನ್ನು ಒಪ್ಪಲಾರೆ.

ನಮ್ಮ ಹಿರಿಯರು ಕಾವೇರಿಯ ಮೂರು ದ್ವೀಪಗಳನ್ನು ಒಂದೇ ಮಾಲೆಯಾಗಿ ಕಂಡವರು. ಶ್ರೀರಂಗಪಟ್ಟಣ ಆದಿರಂಗ, ನಮ್ಮ ತಾಲ್ಲೂಕಿನ ಅಂಚಿನ ಶಿವನಸಮುದ್ರ ಮಧ್ಯರಂಗ, ತಮಿಳುನಾಡಿನ ಶ್ರೀರಂಗ ಅಂತ್ಯರಂಗ. ಇವುಗಳ ಜೊತೆಗೆ ಶ್ರೀರಂಗಪಟ್ಟಣದ ಮೇಲ್ಭಾಗದಲ್ಲಿ ರಂಗನತಿಟ್ಟಿನ ಪುಟ್ಟ ನಡುಗಡ್ಡೆಗಳಿವೆ. ಹದಿನೇಳನೆಯ ಶತಮಾನದಲ್ಲಿ ಹೊಳೆಗೆ ಕಟ್ಟಿದ ಅಣೆಕಟ್ಟೆಯಿಂದ ಉಂಟಾದ ತಿಟ್ಟುಗಳವು. ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದವು. 2022ರಲ್ಲಿ ರಾಮ್‌ಸಾರ್ ಪಟ್ಟಿಗೂ ಸೇರಿದವು. ಅಲ್ಲಿ ಅರಣ್ಯ ಇಲಾಖೆಯ ದೋಣಿಯಲ್ಲಿ ಕುಳಿತರೆ ಕೊಕ್ಕರೆಗಳ ಗೂಡುಗಳೂ ಬಂಡೆಯ ಮೇಲೆ ಬಾಯ್ತೆರೆದು ಮಲಗಿದ ಮೊಸಳೆಗಳೂ ಕಾಣುತ್ತವೆ.

ಆದರೆ ಈ ಮಾಲೆಯನ್ನು ಒಂದೇ ದೋಣಿಯಲ್ಲಿ ಸುತ್ತಿಬರುವಂತಿಲ್ಲ. ದಾರಿಯುದ್ದಕ್ಕೂ ಬಂಡೆಗಳು, ಕಟ್ಟೆಗಳು. ಶಿವನಸಮುದ್ರದಲ್ಲಂತೂ ಹೊಳೆ ಎರಡಾಗಿ ಒಡೆದು ಗಗನಚುಕ್ಕಿ, ಭರಚುಕ್ಕಿಗಳಾಗಿ ಕೆಳಕ್ಕೆ ಧುಮುಕುತ್ತದೆ. ಹಾಗಾಗಿ ನಮ್ಮವರ ವಾಹನ ಹರಿಗೋಲು. ಬಿದಿರಿನ ದೆಬ್ಬೆಗಳನ್ನು ದುಂಡಗೆ ಹೆಣೆದು ಹಿಂದೆ ಚರ್ಮ ಹೊದಿಸುತ್ತಿದ್ದರು. ಬಳಿಕ ಪ್ಲಾಸ್ಟಿಕ್ ಹಾಳೆ ಬಂದಿತು. ತಳ ಚಪ್ಪಟೆಯಾದ್ದರಿಂದ ಮೊಣಕಾಲುದ್ದದ ನೀರಿನಲ್ಲೂ ತೇಲುತ್ತದೆ, ಬಂಡೆಗೆ ತಗುಲಿದರೂ ಬಾಗಿ ಜಾರುತ್ತದೆ.

ಬಾಲ್ಯದಲ್ಲಿ ತಂದೆಯವರೊಡನೆ ಹೊಳೆ ದಾಟುವಾಗ ಅಂಬಿಗನ ಕೆಲಸವನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದೆ. ಅವನು ಹರಿಗೋಲನ್ನು ಕೊಡೆಯಂತೆ ತಲೆಯ ಮೇಲೆ ಹೊತ್ತು ದಡದಲ್ಲಿ ಸಾಕಷ್ಟು ಮೇಲಕ್ಕೆ ನಡೆದು ಅಲ್ಲಿ ನೀರಿಗಿಳಿಸುತ್ತಿದ್ದ. ಹೊಳೆಯ ಸೆಳೆತ ಕೆಳಕ್ಕೆ ಒಯ್ಯುವುದನ್ನು ಮೊದಲೇ ಲೆಕ್ಕ ಹಾಕಿ ಓರೆಯಾಗಿ ಹುಟ್ಟು ಹಾಕಿದರೆ ಸರಿಯಾದ ಕಡವಿಗೇ ತಲುಪುತ್ತಿದ್ದೆವು. ಹತ್ತಿದೊಡನೆ ಅವನು ಹೇಳುತ್ತಿದ್ದುದು ಒಂದೇ ಮಾತು: “ಸುತ್ತಾ ಕುಂತ್ಕಳಿ, ಒಂದೇ ಕಡೆ ವಾಲ್ಬೇಡಿ ಬುದ್ಧಿ.” ಗೌಡರಿಗೂ ಕುರಿಮರಿ ತಂದವನಿಗೂ ಆ ನಿಯಮ ಒಂದೇ ಆಗಿತ್ತು.

ಈಚೆಗೆ ಹೊಳೆಯ ಸುದ್ದಿ ಓದುವಾಗಲೆಲ್ಲ ನನಗೆ ಆ ಮಾತು ನೆನಪಾಗುತ್ತದೆ. ಕನ್ನಂಬಾಡಿಯ ಬಾಗಿಲುಗಳನ್ನು ಎಷ್ಟು ಎತ್ತುತ್ತಾರೆಂಬುದರ ಮೇಲೆ ದ್ವೀಪಗಳ ಬದುಕು ನಿಂತಿದೆ. ಹೆಚ್ಚು ಬಿಟ್ಟರೆ ರಂಗನತಿಟ್ಟಿನ ಗೂಡುಗಳು ಮುಳುಗುತ್ತವೆ, ದೋಣಿವಿಹಾರ ನಿಲ್ಲುತ್ತದೆ. ತೀರ ತಗ್ಗಿದರೆ ನಡುಗಡ್ಡೆಗಳು ದಡಕ್ಕೆ ಸೇರಿ ನಾಯಿಗಳಿಗೆ ದಾರಿಯಾಗುತ್ತವೆ. ಅದೇ ನೀರು ನಮ್ಮ ಗದ್ದೆಗೂ ಬೇಕು. 2023ರ ಬರದಲ್ಲಿ ಮಂಡ್ಯದ ರೈತರು ಬೀದಿಗಿಳಿದುದು ಅದಕ್ಕಾಗಿಯೇ. ಕರ್ನಾಟಕವು ತಮಿಳುನಾಡಿಗೆ ವರ್ಷಕ್ಕೆ 177.25 ಟಿ.ಎಂ.ಸಿ. ನೀರು ಬಿಡಬೇಕೆಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪಿತ್ತಿದೆ. ಬೆಂಗಳೂರಿನ ಕುಡಿಯುವ ನೀರು ನಮ್ಮ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದಲೇ ಮೇಲೇರುತ್ತದೆ. 2024ರಲ್ಲಿ ಅದರ ಐದನೆಯ ಹಂತವೂ ಆರಂಭವಾಯಿತು.

ನನ್ನ ವಿದ್ಯಾರ್ಥಿಗಳಲ್ಲಿ ಈ ಕಡೆ ಗದ್ದೆ ಮಾಡುವವರೂ ಇದ್ದೀರಿ, ಬೆಂಗಳೂರಿನಲ್ಲಿ ನಲ್ಲಿ ತಿರುಗಿಸುವವರೂ ಇದ್ದೀರಿ. ಯಾರದು ತಪ್ಪೆಂದು ತೀರ್ಪು ಹೇಳುವುದು ನನ್ನ ಕೆಲಸವಲ್ಲ. ಆದರೆ ಆ ಕೊಕ್ಕರೆಗಳಿಗೆ ಅರ್ಜಿ ಬರೆಯಲು ಬಾರದು. ರಜೆಗೆ ಬಂದಾಗ ಮಕ್ಕಳನ್ನು ರಂಗನತಿಟ್ಟಿಗೆ ಕರೆದೊಯ್ದು ದೋಣಿಯಲ್ಲಿ ಕೂರಿಸಿ, ನೀರು ಇಂದು ಎಷ್ಟಿದೆ, ಏಕಿದೆ ಎಂದು ಅಂಬಿಗನನ್ನು ಕೇಳಲು ಹೇಳಿ. ಹೊಳೆಯನ್ನು ಹತ್ತಿರದಿಂದ ಕಂಡ ಮಕ್ಕಳು ನಲ್ಲಿಯನ್ನು ತಿರುಗಿಸುವ ರೀತಿಯೇ ಬೇರೆಯಾಗುತ್ತದೆಂಬುದು ನನ್ನ ನಂಬಿಕೆ.