ಅಂಟಿಕೊಂಡ ನಗು

ನಾವು ಮೂವರು ಆರನೇ ತರಗತಿಯಲ್ಲಿದ್ದಾಗ ಶಾಲೆಯ ವಾರ್ಷಿಕೋತ್ಸವದಲ್ಲಿ ಒಂದು ನಾಟಕವಾಡಿದ್ದೆವು. ಪಟೇಲ, ಶ್ಯಾನುಭೋಗ, ಪೊಲೀಸ್ ಎಲ್ಲರೂ ಇದ್ದ ಆ ನಾಟಕದಲ್ಲಿ ಮೂವರು ಸಾಬರ ಪಾತ್ರಗಳೂ ಇದ್ದವು. ತರಗತಿಯಲ್ಲಿದ್ದ ಬ್ಯಾರಿ ಹುಡುಗರು ನಾವು ಮೂವರೇ. ಹಾಗಾಗಿ ಪಾತ್ರ ಹಂಚುವಾಗ ಮೇಷ್ಟ್ರು ಹೆಚ್ಚು ಯೋಚಿಸಬೇಕಾಗಿ ಬರಲಿಲ್ಲ. ಹಸಿರು ಲುಂಗಿ, ಹತ್ತಿಯ ಗಡ್ಡ, ತಲೆಗೊಂದು ಟೊಪ್ಪಿ. ಕಷ್ಟವಾದದ್ದು ಮಾತು. ನಮ್ಮ ಮನೆಯಲ್ಲಿ ಬ್ಯಾರಿ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಉರ್ದುವಿನ ಗಂಧಗಾಳಿಯೂ ನಮಗಿರಲಿಲ್ಲ. ಮೇಷ್ಟ್ರೇ ಎರಡು ವಾರ ಕೂರಿಸಿಕೊಂಡು ‘ನಮ್ದುಕೆ’, ‘ನಿಮ್ದುಕೆ’, ‘ಅರೆ ಇಸ್ಕಿ’ ಎಂದು ಬಾಯಿಪಾಠ ಮಾಡಿಸಿದರು. ಸಾಬರು ಹೇಗೆ ಮಾತಾಡುತ್ತಾರೆಂಬುದನ್ನು ಸಾಬರ ಮಕ್ಕಳಾದ ನಾವು ಶಾಲೆಯಲ್ಲಿ ಕಲಿತದ್ದು ಹೀಗೆ.

ಅಂದು ಜನ ಬಿದ್ದು ಬಿದ್ದು ನಕ್ಕರು. ನಾವು ಉಬ್ಬಿಹೋದೆವು. ರಾತ್ರಿ ಗದ್ದೆಯ ಹುಣಿಯ ಮೇಲೆ ಸೂಟೆ ಹಿಡಿದು ಮುಂದೆ ನಡೆಯುತ್ತಿದ್ದ ನಮ್ಮಲ್ಲೊಬ್ಬನ ಬಾಪ ಬಹಳ ಹೊತ್ತು ಮಾತೇ ಆಡಲಿಲ್ಲ. ಮನೆ ಹತ್ತಿರವಾದಾಗ ತಿರುಗದೆಯೇ ಕೇಳಿದರು: “ನಮ್ಮಲ್ಲಿ ಯಾರು ಮಕ್ಕಳೇ ಹಾಗೆ ಮಾತಾಡುವುದು?”

ಮೂವರಿಗೂ ಐವತ್ತು ದಾಟಿದ ಮೇಲೆ ಈ ನೆನಪು ಮತ್ತೆ ಎದ್ದು ಕೂತದ್ದು ಅಮೆರಿಕದ ಒಂದು ಕಾರ್ಟೂನ್ ಚಿತ್ರದಿಂದ. ನಮ್ಮಲ್ಲೊಬ್ಬನ ಮಗ ಬೆಂಗಳೂರಿನಲ್ಲಿ ಅನಿಮೇಶನ್ ಕಲಿಯುತ್ತಿದ್ದಾನೆ. ರಜೆಗೆ ಬಂದವನು ಲ್ಯಾಪ್‌ಟಾಪ್ ತೆರೆದು, “ಇದನ್ನು ನೋಡಿ, ಆದರೆ ಮನೆಯವರ ಜೊತೆ ಬೇಡ” ಎಂದ. ಅವನು ಹೇಳಿದ್ದು ಸರಿಯಾಗಿತ್ತು. ನಗ್ನತೆ, ಹೊಲಸು ಬೈಗುಳ, ರಕ್ತ ಯಾವುದಕ್ಕೂ ಅದರಲ್ಲಿ ಕೊರತೆಯಿಲ್ಲ. ಚಿತ್ರದ ಹೆಸರು ‘ಕೂನ್‌ಸ್ಕಿನ್’. 1975ರದ್ದು. ಕೂನ್ ಎಂದರೆ ರಕೂನ್ ಎಂಬ ಪ್ರಾಣಿ. ಅಮೆರಿಕದ ಕರಿಯರನ್ನು ಹೀಯಾಳಿಸಲು ಬಿಳಿಯರು ಬಳಸುತ್ತಿದ್ದ ಬೈಗುಳವೂ ಹೌದು. ಹೆಸರಿನಲ್ಲೇ ಬೈಗುಳ ಇಟ್ಟುಕೊಂಡ ಈ ಚಿತ್ರ ಬೈಯಲು ಹೊರಟದ್ದು ಮಾತ್ರ ಬಿಳಿಯ ಅಮೆರಿಕವನ್ನು.

ನಿರ್ದೇಶಕರು ರಾಲ್ಫ್ ಬಕ್ಷಿ. ಹೆಸರು ಕೇಳಿ ಪಂಜಾಬಿನವರೋ ಕಾಶ್ಮೀರದವರೋ ಎಂದುಕೊಂಡ ನಮ್ಮ ಊಹೆ ತಪ್ಪಾಯಿತು. ಅವರದು ಕ್ರೈಮಿಯಾ ಮೂಲದ ಯಹೂದಿ ಕುಟುಂಬ. 1938ರಲ್ಲಿ ಫೆಲೆಸ್ತೀನಿನ ಹೈಫಾದಲ್ಲಿ ಹುಟ್ಟಿ, ಮರುವರ್ಷವೇ ನ್ಯೂಯಾರ್ಕ್ ಸೇರಿ, ಬ್ರೂಕ್ಲಿನ್‌ನ ಬ್ರೌನ್ಸ್‌ವಿಲ್ ಎಂಬ ಬಡವರ ಕೇರಿಯಲ್ಲಿ ಬೆಳೆದವರು. ಕೆಲವು ಕಾಲ ಅವರ ಕುಟುಂಬ ವಾಷಿಂಗ್ಟನ್ನಿನ ಕರಿಯರ ಬಡಾವಣೆಯಲ್ಲಿತ್ತು. ಗೆಳೆಯರೆಲ್ಲ ಕರಿಯರ ಮಕ್ಕಳು. ಅವರ ಶಾಲೆಗೆ ಇವರೂ ಹೋಗಿ ಕೂತರೆ, ಬಿಳಿಯ ಹುಡುಗ ಅಲ್ಲಿರಬಾರದೆಂದು ಪೊಲೀಸರು ಬಂದು ಎಬ್ಬಿಸಿಕೊಂಡು ಹೋದರು. ಆಗ ಅಲ್ಲಿ ಬಣ್ಣ ನೋಡಿ ಶಾಲೆಗಳನ್ನು ಬೇರೆ ಮಾಡಿದ್ದ ಕಾಲ.

‘ಕೂನ್‌ಸ್ಕಿನ್’ಗೆ ಮೂರು ವರ್ಷ ಮೊದಲು, 1972ರಲ್ಲಿ, ಬಕ್ಷಿ ‘ಫ್ರಿಟ್ಜ್ ದ ಕ್ಯಾಟ್’ ಮಾಡಿದ್ದರು. ರಾಬರ್ಟ್ ಕ್ರಂಬ್ ಎಂಬವರ ಕಾಮಿಕ್ಸ್ ಅದಕ್ಕೆ ಆಧಾರ. ದೊಡ್ಡ ಪ್ರಕಾಶಕರು ಮುಟ್ಟದ ‘ಭೂಗತ’ ಕಾಮಿಕ್ಸ್ ಪುಸ್ತಕಗಳ ಕಾಲವದು. ಅಮೆರಿಕದಲ್ಲಿ ವಯಸ್ಕರಿಗೆ ಮಾತ್ರ ಎಂಬ ‘ಎಕ್ಸ್’ ಮುದ್ರೆ ಬಿದ್ದ ಮೊದಲ ಪೂರ್ಣ ಪ್ರಮಾಣದ ಅನಿಮೇಶನ್ ಚಿತ್ರ ಇದೇ. ಅದರಲ್ಲಿ ಪೊಲೀಸರು ಹಂದಿಗಳು, ಹಾರ್ಲೆಮ್‌ನ ಕರಿಯರು ಕಾಗೆಗಳು. ಬಕ್ಷಿ ಹಾರ್ಲೆಮ್‌ನ ಬಾರ್‌ಗಳಲ್ಲಿ ಟೇಪ್ ರೆಕಾರ್ಡರ್ ಇಟ್ಟುಕೊಂಡು ಜನರ ಮಾತನ್ನೇ ಹಿಡಿದು ತಂದಿದ್ದರು. ಬೀದಿಗಳ ಫೋಟೋ ತೆಗೆಸಿ ಅದರ ಮೇಲೆಯೇ ಗೆರೆ ಎಳೆಸಿದ್ದರು. ಕಾಗೆಗಳೇ ಯಾಕೆ? ಡಿಸ್ನಿಯ 1941ರ ‘ಡಂಬೋ’ ಚಿತ್ರದಲ್ಲಿ ಕರಿಯರ ಧಾಟಿಯಲ್ಲಿ ಮಾತಾಡುವ ಕಾಗೆಗಳಿದ್ದವು. ಅವುಗಳ ನಾಯಕನಿಗೆ ದನಿ ಕೊಟ್ಟವನು ಒಬ್ಬ ಬಿಳಿಯ. ಬಕ್ಷಿಯ ಚಿತ್ರದಲ್ಲಿ ಯುದ್ಧ ವಿಮಾನಗಳು ಹಾರ್ಲೆಮ್ ಮೇಲೆ ಬಾಂಬು ಸುರಿಯುವಾಗ ಮಿಕ್ಕಿ ಮೌಸ್, ಡೊನಾಲ್ಡ್ ಡಕ್‌ಗಳ ನೆರಳುಗಳು ನಿಂತು ಹುರಿದುಂಬಿಸುತ್ತವೆ. ನಮ್ಮ ಮಕ್ಕಳ ಚೀಲದ ಮೇಲೆ, ನೀರಿನ ಬಾಟಲಿಯ ಮೇಲೆ ನಗುತ್ತಿರುವ ಅದೇ ಮಿಕ್ಕಿ.

‘ಕೂನ್‌ಸ್ಕಿನ್’ನ ಗುರಿಯೂ ಡಿಸ್ನಿಯೇ, ನಿರ್ದಿಷ್ಟವಾಗಿ 1946ರ ‘ಸಾಂಗ್ ಆಫ್ ದ ಸೌತ್’. ದಕ್ಷಿಣದ ತೋಟವೊಂದರಲ್ಲಿ ರೀಮಸ್ ಮಾಮ ಎಂಬ ಮುದಿ ಕರಿಯ ಬಿಳಿಯರ ಮಗುವಿಗೆ ಮೊಲ, ನರಿ, ಕರಡಿಗಳ ಕಥೆ ಹೇಳುತ್ತಾ ಸದಾ ಸಂತೋಷವಾಗಿರುತ್ತಾನೆ. ಗುಲಾಮಗಿರಿಯ ನೋವಿನ ಗೆರೆಯೂ ಆ ಮುಖದ ಮೇಲಿಲ್ಲ. ಆ ಪಾತ್ರ ಮಾಡಿದ ಜೇಮ್ಸ್ ಬ್ಯಾಸ್ಕೆಟ್‌ಗೆ 1948ರಲ್ಲಿ ವಿಶೇಷ ಆಸ್ಕರ್ ಕೊಟ್ಟರು. ಆದರೆ ಅಟ್ಲಾಂಟಾದಲ್ಲಿ ಚಿತ್ರದ ಮೊದಲ ಪ್ರದರ್ಶನ ನಡೆದಾಗ ಅವರು ಹೋಗುವಂತಿರಲಿಲ್ಲ. ಆ ಊರಿನ ವರ್ಣಭೇದದ ಕಾನೂನು ಅಡ್ಡ ಬಂತು. ಕಥೆ ಹೇಳುವವನು ಪರದೆಯ ಮೇಲೆ, ಹೊರಗೆ ಅವನಿಗೆ ಕುರ್ಚಿಯಿಲ್ಲ.

ಆ ಕಥೆಗಳಾದರೂ ಯಾರವು? ಜೋಯಲ್ ಚಾಂಡ್ಲರ್ ಹ್ಯಾರಿಸ್ ಎಂಬ ಬಿಳಿಯ ಪತ್ರಕರ್ತ 1880ರಲ್ಲಿ ಪುಸ್ತಕ ಮಾಡಿದರೂ, ಅವರು ಅವನ್ನು ಕೇಳಿದ್ದು ಜಾರ್ಜಿಯಾದ ತೋಟಗಳ ಗುಲಾಮರ ಬಾಯಿಂದ. ಸಿಂಹವನ್ನು ಬಾವಿಗೆ ಕೆಡವಿದ ನಮ್ಮ ಪಂಚತಂತ್ರದ ಮೊಲದ ಹಾಗೆಯೇ ಇದೂ ಬಲವಿಲ್ಲದವನ ಬುದ್ಧಿಯ ಮೊಲ. ಹ್ಯಾರಿಸ್ 1896ರಲ್ಲಿ ಬರೆದ ಇನ್ನೊಂದು ಪುಸ್ತಕದಲ್ಲಿ ಬೆನ್ ಅಲಿ ಎಂಬವನ ಮಗನ ಕಥೆಯಿದೆ. ಜಾರ್ಜಿಯಾದ ಸಪೆಲೊ ದ್ವೀಪದಲ್ಲಿ ಗುಲಾಮರಾಗಿದ್ದ ಬಿಲಾಲಿ ಮುಹಮ್ಮದ್ ಎಂಬವರೇ ಆ ಬೆನ್ ಅಲಿಗೆ ಮೂಲ ಎನ್ನುತ್ತಾರೆ ಸಂಶೋಧಕರು. ಪಶ್ಚಿಮ ಆಫ್ರಿಕದಿಂದ ಹಿಡಿದು ತಂದ ಆ ಮನುಷ್ಯ ಅರಬಿಯಲ್ಲಿ ಬರೆದಿಟ್ಟ ಹದಿಮೂರು ಪುಟಗಳು ಇಂದಿಗೂ ಉಳಿದಿವೆ. ವುಝೂ, ನಮಾಝಿನ ನಿಯಮಗಳು, ಮಾಲಿಕಿ ಫಿಖ್‌ಹ್‌ನ ತುಣುಕುಗಳು. ಇಂಥವರೂ ಇದ್ದ ತೋಟಗಳು ಡಿಸ್ನಿಯ ಕೈಗೆ ಬಂದಾಗ ಹಾಡಿ ಕುಣಿಯುವ ಮಾಮನ ಅಂಗಳವಾದವು.

ಬಕ್ಷಿ ಈ ಮೊಲ, ನರಿ, ಕರಡಿಗಳನ್ನು ತೋಟದಿಂದ ಎಬ್ಬಿಸಿ ಹಾರ್ಲೆಮ್‌ಗೆ ಕಳಿಸಿದರು. ಅಲ್ಲಿ ಅವಕ್ಕೆ ಎದುರಾಗುವವರು ದೇವರ ಹೆಸರಲ್ಲಿ ಹಣ ಸುಲಿಯುವ ಕಪಟ ಕ್ರಾಂತಿಕಾರಿ, ಲಂಚಕೋರ ಬಿಳಿಯ ಪೊಲೀಸ್, ಮಾಫಿಯಾ ದೊರೆ. ನಡುನಡುವೆ ಅಮೆರಿಕದ ಬಾವುಟವನ್ನೇ ಉಟ್ಟ ದೈತ್ಯಾಕಾರದ ಬಿಳಿಯ ಹೆಂಗಸೊಬ್ಬಳು ಬರುತ್ತಾಳೆ. ಬಡ ಕರಿಯನೊಬ್ಬನನ್ನು ಆಸೆ ತೋರಿಸಿ ಕರೆದು ಕೊಲ್ಲುತ್ತಾಳೆ. ಇಷ್ಟೇ ಆಗಿದ್ದರೆ ಸುಲಭವಿತ್ತು. ಆದರೆ ಕರಿಯರನ್ನೂ ಅವರು ಬರೆದದ್ದು ಹಳೆಯ ಕಾರ್ಟೂನುಗಳ ಅದೇ ದಪ್ಪ ತುಟಿ, ಅದೇ ಉಬ್ಬುಗಣ್ಣುಗಳಲ್ಲಿ. ಬಿಳಿಯರು ಅಂಟಿಸಿದ ಮುಖವಾಡವನ್ನು ಕಿತ್ತೆಸೆಯದೆ, ಅದನ್ನೇ ಇನ್ನಷ್ಟು ಹಿಗ್ಗಿಸಿ, “ನೋಡಿ, ಇದು ನೀವು ಮಾಡಿದ್ದು” ಎಂದು ತೋರಿಸುವ ಹಟ ಅದು.

ಅರ್ಧ ತಾಸಾಗುವಾಗ ನಮ್ಮಲ್ಲಿ ಮೇಷ್ಟ್ರಾಗಿರುವವನು ಎದ್ದು ಹೊರಗೆ ಹೋದ. ಜಗಲಿಯಲ್ಲಿ ಕೂತು, “ಇದು ನಮ್ಮ ಹತ್ತಿಯ ಗಡ್ಡವೇ ಮಾರಾಯ” ಎಂದ.

ಅವನು ಎದ್ದು ಹೋದದ್ದನ್ನು ನಾವು ತಮಾಷೆ ಮಾಡಲಿಲ್ಲ. 1974ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂನಲ್ಲಿ ಈ ಚಿತ್ರವನ್ನು ಮುಂಚಿತವಾಗಿ ತೋರಿಸಿದಾಗಲೂ ಹೀಗೆಯೇ ಆಗಿತ್ತು, ಇದಕ್ಕಿಂತ ಜೋರಾಗಿ. ನಾಗರಿಕ ಹಕ್ಕುಗಳ ಸಂಘಟನೆಯಾದ ‘ಕೋರ್’ನವರು ಗದ್ದಲ ಎಬ್ಬಿಸಿದರು. ಚಿತ್ರ ನೋಡದೆಯೇ ವಿರೋಧಿಸಿದವರೂ ಅವರಲ್ಲಿದ್ದರು. ಪ್ಯಾರಮೌಂಟ್ ಕಂಪೆನಿ ಹಂಚಿಕೆಯಿಂದ ಹಿಂದೆ ಸರಿಯಿತು. ಬ್ರಯನ್‌ಸ್ಟನ್ ಎಂಬ ಸಣ್ಣ ಕಂಪೆನಿ ಬಿಡುಗಡೆ ಮಾಡಿದರೂ ಚಿತ್ರ ನಿಲ್ಲಲಿಲ್ಲ. ಆದರೆ ಕರಿಯರದೇ ಇನ್ನೊಂದು ಹಿರಿಯ ಸಂಸ್ಥೆ ‘ಎನ್‌ಎಎಸಿಪಿ’ ಇದು ಕಠಿಣವಾದ ವಿಡಂಬನೆ ಎಂದು ಹೇಳಿ ಪರವಾಗಿ ಪತ್ರ ಬರೆಯಿತು. 1946ರಲ್ಲಿ ಡಿಸ್ನಿ ಚಿತ್ರವನ್ನು ಆಕ್ಷೇಪಿಸಿದ್ದೂ ಇದೇ ಸಂಸ್ಥೆ. ಇನ್ನು ಬಕ್ಷಿ ಈ ಚಿತ್ರಕ್ಕೆ ಕರಿಯ ಅನಿಮೇಟರುಗಳನ್ನು ಸೇರಿಸಿಕೊಂಡಿದ್ದರು. ಸ್ಕ್ಯಾಟ್‌ಮನ್ ಕ್ರಾದರ್ಸ್, ಗಾಯಕ ಬ್ಯಾರಿ ವೈಟ್, ಪುಲಿಟ್ಜರ್ ಪಡೆದ ನಾಟಕಕಾರ ಚಾರ್ಲ್ಸ್ ಗೋರ್ಡೋನ್ ಇದರಲ್ಲಿ ನಟಿಸಿದ್ದಾರೆ. ಅವರೇ ಒಪ್ಪಿದ್ದರಲ್ಲ ಎಂದು ಯಾರಾದರೂ ವಾದಿಸಬಹುದು. ನಾವು ಆ ವಾದ ಹೂಡಲಾರೆವು. ಹಸಿರು ಲುಂಗಿಗೆ ನಾವೂ ಒಪ್ಪಿದ್ದೆವು.

ಚಿತ್ರವನ್ನು ಕೊನೆತನಕ ನೋಡಿದ ನಮಗಿಬ್ಬರಿಗೆ ಅದು ಹಿಡಿಸಿತೇ? ಒಂದು ದೃಶ್ಯ ಮಾತ್ರ ಮರೆಯಲಾಗದು. ಬಡ ಕೋಣೆಯಲ್ಲಿ ಒಂಟಿಯಾಗಿರುವ ಕರಿಯ ಹೆಂಗಸೊಬ್ಬಳು ತನ್ನನ್ನು ಬಿಟ್ಟುಹೋದ ಜಿರಳೆಯ ಬಗ್ಗೆ ಮಾತಾಡುತ್ತಾಳೆ, ಬಿಟ್ಟುಹೋದ ಗಂಡನ ಬಗ್ಗೆ ಆಡುವಂತೆ. ಅಲ್ಲಿ ನಗು ಬರುವುದಿಲ್ಲ, ಗಂಟಲು ಕಟ್ಟುತ್ತದೆ. ಅದೇ ಬಕ್ಷಿ ಮಾಫಿಯಾ ದೊರೆಯ ಮಕ್ಕಳನ್ನು ಹೆಣ್ಣುನಡಿಗೆಯವರೆಂದು ತೋರಿಸಿ ನಗಿಸಲು ಹೊರಟಾಗ ಮಾತ್ರ ಅವರಿಗೂ ನಮ್ಮ ಹಳೆಯ ಮೇಷ್ಟ್ರಿಗೂ ವ್ಯತ್ಯಾಸ ಕಾಣಲಿಲ್ಲ. ಅಲ್ಲಿ ಮುಖವಾಡದ ಹಿಂದೆ ಯಾವ ಪ್ರಶ್ನೆಯೂ ಇಲ್ಲ, ಬರೀ ಗೇಲಿ. ತನ್ನ ನೋವನ್ನು ಬಲ್ಲವನು ಇನ್ನೊಬ್ಬನದನ್ನೂ ಬಲ್ಲ ಎಂಬ ಖಾತರಿಯಿಲ್ಲ. ನಮಗೂ ಅದು ಅನ್ವಯ. ಉತ್ತರ ಕನ್ನಡದ ಸಿದ್ದಿಗಳಲ್ಲಿ ಮುಸ್ಲಿಮರೂ ಇದ್ದಾರೆ. ಅವರ ಕೂದಲು, ಬಣ್ಣದ ಬಗ್ಗೆ ನಮ್ಮ ಮದುವೆ ಮನೆಗಳಲ್ಲಿ ಹಾರುವ ಜೋಕುಗಳಿಗೆ ನಾವು ಎಷ್ಟು ಸಲ ಸುಮ್ಮನೆ ನಕ್ಕಿಲ್ಲ?

ಕೊನೆಯಲ್ಲಿ ಮೊಲ ಟಾರಿನಿಂದ ತನ್ನದೇ ರೂಪದ ಬೊಂಬೆ ಮಾಡಿ ನಿಲ್ಲಿಸುತ್ತದೆ. ಮೊಲವೆಂದೇ ತಿಳಿದು ಮೇಲೆ ಬಿದ್ದ ಶತ್ರುಗಳು ಒಬ್ಬೊಬ್ಬರಾಗಿ ಅದಕ್ಕೆ ಅಂಟಿಕೊಳ್ಳುತ್ತಾರೆ. ನಮ್ಮಲ್ಲಿ ಪ್ರೆಸ್ ನಡೆಸುವವನಿಗೆ ಇದು ಬಹಳ ಮೆಚ್ಚಿಕೆಯಾಯಿತು. ನಗಲು ಬಂದವನೇ ಅಂಟಿಕೊಳ್ಳುವ ಬೊಂಬೆ ಎಂದ. ಜಗಲಿಯಿಂದ ಮೇಷ್ಟ್ರ ದನಿ ಬಂತು: “ಬೊಂಬೆಗೆ ಬೀಳುವ ಪೆಟ್ಟು?”

ಚಾ ಕುಡಿದು ಬೇರೆಯಾದೆವು. ಎರಡು ವಾರದ ಮೇಲೆ ಮೇಷ್ಟ್ರ ಫೋನು. ಅವನ ಶಾಲೆಯ ವಾರ್ಷಿಕೋತ್ಸವ ಹತ್ತಿರ ಬಂದಿತ್ತು, ಮಕ್ಕಳು ನಾಟಕ ಬೇಕೆನ್ನುತ್ತಿದ್ದರಂತೆ. ಹಳೆಯ ಸ್ಕ್ರಿಪ್ಟೊಂದು ಕೈಗೆ ಸಿಕ್ಕಿದೆ, ಅದರಲ್ಲೂ ಒಬ್ಬ ಸಾಬರಿದ್ದಾನೆ, ನಗಿಸುವವನು ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: “ಆ ಚಿತ್ರ ಹುಡುಗನ ಹತ್ತಿರ ಇನ್ನೂ ಇದೆಯಾ? ಉಳಿದದ್ದನ್ನು ನೋಡಬೇಕಿತ್ತು.”