ಮೂಲೆಗೊಂದು ಫೂಲ

ಯಲ್ಲಾಪುರ ದಾಟಿ ಹಳಿಯಾಳದ ಕಡೆ ಹೊರಟರೆ ಕಾಡು ರಸ್ತೆಯ ಮೇಲೇ ಬಂದುಬಿಡುತ್ತದೆ. ತೇಗ, ಮತ್ತಿ, ಬಿದಿರುಮೆಳೆ. ಅದರ ನಡುವೆ ಒಂದಿಷ್ಟು ಗದ್ದೆ, ಹೆಂಚಿನ ಮನೆಗಳು, ಅಂಗಳದ ತುಂಬ ಗುಂಗುರು ಕೂದಲಿನ ಮಕ್ಕಳ ಕಬಡ್ಡಿ. "ಏ, ಔಟ್ ಆದಿ, ಹೊರಗ ನಡಿ!" ಎಂದು ಒಬ್ಬ ಹುಡುಗ ಗದರಿದ. ಸಮುದ್ರದಾಚೆಯ ಮುಖದಿಂದ ಅಪ್ಪಟ ಹಳಿಯಾಳದ ಮಾತು! ಆಟ ಮುಗಿಯುವವರೆಗೂ ಅಲ್ಲೇ ನಿಂತೆ.

ಆ ಮಕ್ಕಳು ಸಿದ್ದಿಗಳು. ಸಿದ್ದಿಗಳ ಪೂರ್ವಿಕರಲ್ಲಿ ಬಹುಪಾಲು ಜನ ಪೂರ್ವ ಆಫ್ರಿಕಾದವರು. 16ನೇ ಶತಮಾನದಿಂದ ಪೋರ್ಚುಗೀಸರು ಅವರನ್ನು ಗುಲಾಮರಾಗಿ ಗೋವೆಗೆ ತಂದರು. ತಪ್ಪಿಸಿಕೊಂಡವರು ಘಟ್ಟದ ಕಾಡು ಹೊಕ್ಕರು. ನೆಲೆ ನಿಂತ ಕಡೆಯ ಸಹವಾಸ ದೇವರನ್ನೂ ಭಾಷೆಯನ್ನೂ ಕೊಟ್ಟಿತು. ಯಲ್ಲಾಪುರದ ಅಡಿಕೆ ತೋಟಗಳ ಸುತ್ತ ಹೆಚ್ಚಿನವರು ಹಿಂದೂಗಳು; ಹಳಿಯಾಳದ ಕಡೆ ಕ್ರೈಸ್ತರು, ಮುಸ್ಲಿಮರು. ಮನೆಯಲ್ಲಿ ಕೊಂಕಣಿ ಆಡಿದ ಬಾಯಿ ಸಂತೆಯಲ್ಲಿ ಕನ್ನಡ ಆಡುತ್ತದೆ. ದಮಾಮಿ ಬಾರಿಸಿದರೆ ಕುಣಿಯುವ ಕಾಲಿಗೆ ಮಾತ್ರ ಜಾತಿ ಮತದ ಲೆಕ್ಕವಿಲ್ಲ.

ಒಂದು ಜಗುಲಿಯಲ್ಲಿ ಅಜ್ಜಿಯೊಬ್ಬರು ಕೌದಿ ಹೊಲಿಯುತ್ತಿದ್ದರು. ಸಿದ್ದಿಗಳು ಇದನ್ನು ಕವಂದಿ ಎನ್ನುತ್ತಾರೆ. ಕೆಳಗೆ ಹಳೇ ಸೀರೆ ಹಾಸಿ, ಅದರ ಮೇಲೆ ಲುಂಗಿ, ಲಂಗ, ಶಾಲೆಯ ಯೂನಿಫಾರ್ಮಿನ ತುಂಡುಗಳನ್ನಿಟ್ಟು, ಅಂಚಿನಿಂದ ಶುರುಮಾಡಿ ಸುತ್ತು ಸುತ್ತಾಗಿ ನಡುವಿಗೆ ಬರುವ ಹೊಲಿಗೆ. ಕೊನೆಗೆ ನಾಲ್ಕು ಮೂಲೆಗೂ ಮುಕ್ಕೋನವಾಗಿ ಮಡಚಿದ ಬಟ್ಟೆಯ ಫೂಲ.

"ಇದನ್ನ ಹಚ್ಚಲೇಬೇಕಾ ಅಜ್ಜಿ?"

"ಹಚ್ಚಲಿಲ್ಲಂದ್ರ ಕೌದಿ ಬತ್ತಲೆ ಇದ್ದಂಗ್ರೀ."

ಬಣ್ಣಬಣ್ಣದ ಆ ತುಂಡುಗಳನ್ನು ನೋಡಿದ ಯಾವ ಲೇಖಕನಿಗಾದರೂ ದೇಶ, ಸಂಸ್ಕೃತಿ ಎಂದೆಲ್ಲ ಹೋಲಿಸುವ ಚಪಲ ಹುಟ್ಟುತ್ತದೆ. ಅಜ್ಜಿಗಾದರೋ ಅದು ಮಳೆಗಾಲದಲ್ಲಿ ಮೊಮ್ಮಕ್ಕಳು ಹೊದೆಯಬೇಕಾದ ಬಟ್ಟೆ, ಅಷ್ಟೇ.

ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ಬಂದರು. ಆದರೂ ಈ ಊರಿನ ಹುಡುಗರು ಬೆಂಗಳೂರಿಗೆ ಹೋದರೆ ಆಟೊದವರು ಇಂಗ್ಲಿಷಿನಲ್ಲೇ ಮಾತು ಶುರುಮಾಡುತ್ತಾರಂತೆ. ಕನ್ನಡದಲ್ಲಿ ಉತ್ತರ ಕೊಟ್ಟರೆ, "ಎಷ್ಟು ಚೆನ್ನಾಗಿ ಕಲಿತಿದೀರಾ!" ಎಂಬ ಮೆಚ್ಚುಗೆ ಬೇರೆ. ಅಜ್ಜಿಯ ಮೊಮ್ಮಗ ಇದನ್ನು ನಗುತ್ತಲೇ ಹೇಳಿದ. ನನಗೆ ನಗು ಬರಲಿಲ್ಲ. ಅಂಗಳದಲ್ಲಿ ಬಾಯಿ ಬಿಟ್ಟುಕೊಂಡು ನಿಂತಿದ್ದ ನನಗೂ ಆ ಆಟೊದವನಿಗೂ ಎಷ್ಟು ಅಂತರ?

ಅಜ್ಜಿ ಸೂಜಿಗೆ ದಾರ ಪೋಣಿಸುತ್ತ ಕೇಳಿದರು, "ನಿಮ್ದ ಯಾವೂರ್ರೀ?"

"ಬೆಂಗಳೂರು."

"ಅದಲ್ಲ, ಮೂಲ ಎಲ್ಲೀದು?"

"ಅಜ್ಜ ಕೋಲಾರದ ಕಡೆಯವರು. ಅವರ ಹಿರಿಯರು ತೆಲುಗು ಸೀಮೆಯಿಂದ ಬಂದವರಂತೆ."

"ಹಂಗಾರ ನೀವೂ ಹೊರಗಿನವ್ರ," ಎಂದು ನಕ್ಕು, ಚಹಾ ತರಲು ಸೊಸೆಯನ್ನು ಕೂಗಿದರು.